ಆಟದೊಳಗಿನ ವೈರಿ

ಈಗಿನ ಮಕ್ಕಳಲ್ಲಿ ಅನೇಕರು ಇತಿಹಾಸವನ್ನು ಪಾಠಪುಸ್ತಕಕ್ಕೆ ಮೊದಲು ವಿಡಿಯೋ ಆಟದ ಪರದೆಯ ಮೇಲೆ ಕಾಣುತ್ತಿರುವರು. ಆಟಕ್ಕೆ ಗೆಲ್ಲುವವನೊಬ್ಬನೂ ಸೋಲತಕ್ಕವನೊಬ್ಬನೂ ಬೇಕು. ಆ ಸೋಲತಕ್ಕವನನ್ನು ಯಾರು, ಹೇಗೆ ಆರಿಸುವರೆಂಬುದು ತಾಯಿತಂದೆಗಳು ವಿಚಾರಿಸಬೇಕಾದ ವಿಷಯವಾಗಿದೆ.

2009ರಲ್ಲಿ ಇಂಗ್ಲೆಂಡಿನವರು ರಚಿಸಿದ ‘ಎಂಪೈರ್: ಟೋಟಲ್ ವಾರ್’ ಎಂಬ ಆಟವು ಹದಿನೆಂಟನೆಯ ಶತಮಾನದ ಯುದ್ಧಗಳನ್ನು ಕುರಿತದ್ದು. ಅದರ ಮುಖ್ಯ ದಂಡಯಾತ್ರೆಯಲ್ಲಿ ಆಡುವವರು ಬ್ರಿಟನ್ನಿನ ಪಕ್ಷವನ್ನಾಗಲಿ ಮರಾಠರ ಪಕ್ಷವನ್ನಾಗಲಿ ವಹಿಸಬಹುದು. ಮೈಸೂರಿನ ಪಕ್ಷವನ್ನು ವಹಿಸುವಂತಿಲ್ಲ. ನಮ್ಮ ಸೀಮೆಯು ಅಲ್ಲಿ ಗೆದ್ದುಕೊಳ್ಳತಕ್ಕ ನೆಲ ಮಾತ್ರ. ಹೀಗೆ ಒಂದು ನಿಂದೆಯ ಮಾತನ್ನೂ ಆಡದೆ ಆಟವು ವೈರಿಯನ್ನು ಗೊತ್ತುಮಾಡಿಬಿಡುತ್ತದೆ. ಆದರೆ ಮೂರನೆಯ ಮೈಸೂರು ಯುದ್ಧದಲ್ಲಿ ಮರಾಠರ ದಂಡಿನಿಂದ ಹಾಳಾದ ನಾಗಮಂಗಲದವರಿಗೆ ವೈರಿ ಯಾರಾಗಿದ್ದರು?

ಈ ರೀತಿಯು ಹೊಸದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರನು ಆ ಲಗ್ಗೆಯ ಬೃಹತ್ ಚಿತ್ರವನ್ನು ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಅದೇ ಆ ಕಾಲದ ಪರದೆ. ಇತ್ತ ನಮ್ಮ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವಿದೆ. ಅಲ್ಲಿ ಸೋತ ಕರ್ನಲ್ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿರುವನು. ಕುಂಚವು ಯಾರ ಕೈಯಲ್ಲಿದೆಯೋ ಅವರ ಎದುರಾಳಿಯೇ ಚಿತ್ರದ ವೈರಿ.

ಸ್ವದೇಶದವರು ಒಂದು ಕಡೆ, ಪರದೇಶದವರು ಇನ್ನೊಂದು ಕಡೆ ಎಂದು ಹಂಚುವುದೂ ಸುಲಭವಲ್ಲ. ಸುಲ್ತಾನನ ಪಕ್ಷದ ಫ್ರೆಂಚರು ಬೀಡುಬಿಟ್ಟಿದ್ದುದರಿಂದಲೇ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದಿತು. ಟಿಪ್ಪುವಾದರೂ ಒಂದೇ ಬಣ್ಣದವನಲ್ಲ. 1784ರಲ್ಲಿ ಮಂಗಳೂರು ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಯಿಸಿದವನು ಅವನೇ. 1791ರಲ್ಲಿ ಮರಾಠರ ದಂಡು ಶೃಂಗೇರಿಯ ಮಠವನ್ನು ಸುಲಿದಾಗ ದ್ರವ್ಯಸಹಾಯವನ್ನು ಕಳುಹಿಸಿದವನೂ ಅವನೇ. ಒಂದನ್ನು ಹೇಳಿ ಇನ್ನೊಂದನ್ನು ಮರೆಸಿದರೆ ಅವನು ದೇವನೋ ದೈತ್ಯನೋ ಆಗುವನಲ್ಲದೆ ಮನುಷ್ಯನಾಗಿ ಉಳಿಯನು.

ಆ ಹೆಸರನ್ನೆತ್ತಿದರೆ ಇಂದಿಗೂ ನಮ್ಮಲ್ಲಿ ಮಾತು ಕಾವೇರುವುದುಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಎಲ್ಲ ಮತದ ಹುಡುಗಿಯರೂ ಒಂದೇ ಬೆಂಚಿನ ಮೇಲೆ ಕುಳಿತು ಓದುವವರು. ಪರದೆಯ ಮೇಲಿನ ವೈರಿಯ ಹೆಸರು ಪಕ್ಕದಲ್ಲಿ ಕುಳಿತವಳ ಹೆಸರಾಗಬಾರದು.

ಆದುದರಿಂದ ಆಟವನ್ನು ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ಅದು ಮುಗಿದ ಬಳಿಕ ಮಕ್ಕಳನ್ನು ಮೂರು ಪ್ರಶ್ನೆ ಕೇಳಿರಿ: ಯಾರ ಪಕ್ಷವನ್ನು ವಹಿಸಲು ನಿನಗೆ ಅವಕಾಶವಿರಲಿಲ್ಲ? ಸೋತವನಿಗೆ ತನ್ನ ಕಾರಣವನ್ನು ಹೇಳಲು ಮಾತು ಕೊಟ್ಟರೇ? ನೀನು ಗೆದ್ದ ಊರಿನಲ್ಲಿ ಯಾರು ಬಾಳುತ್ತಿದ್ದರು? ಮೂರನೆಯದಕ್ಕೆ ಉತ್ತರವನ್ನು ಹುಡುಕತೊಡಗಿದ ಮಗುವು ಇತಿಹಾಸವನ್ನು ಓದತೊಡಗಿದೆಯೆಂದೇ ತಿಳಿಯಿರಿ.