ಸೀಟಿನ ಬಣ್ಣಕ್ಕಿಂತ ಮೊದಲು

ಮೊದಲ ಸಲ ಕಾರು ಕೊಳ್ಳಲು ಶೋರೂಮಿಗೆ ಹೋದವರ ಕಣ್ಣು ಮೊದಲು ಹೋಗುವುದು ಗಾಡಿಯ ಒಳಭಾಗಕ್ಕೆ. ದೊಡ್ಡ ಸ್ಕ್ರೀನು, ತಿಳಿಬಣ್ಣದ ಸೀಟು, ಸನ್‌ರೂಫ್ ನೋಡಿದ ಕೂಡಲೇ ಮಕ್ಕಳು ‘ಇದೇ ಇರಲಿ’ ಎಂದುಬಿಡುತ್ತಾರೆ. ಒಳಗೆ ಚೆನ್ನಾಗಿರಬೇಕೆನ್ನುವುದು ನ್ಯಾಯವಾದ ಆಸೆಯೇ. ಆದರೆ ಅದಕ್ಕೂ ಮೊದಲು, ನಿಮ್ಮ ಗಾಡಿ ಯಾವ ರಸ್ತೆಯಲ್ಲಿ ಓಡಬೇಕು ಎಂದು ಕೇಳಿಕೊಳ್ಳಿ.

ಜಹೀರಾಬಾದಿನವರು ಹೈದರಾಬಾದಿಗೆ ಹೋಗಲಿ, ಹುಮನಾಬಾದಿಗೆ ಹೋಗಲಿ, 65ನೇ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿಯಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಡಿ ಒಂದೇ ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ಕತ್ತಲಲ್ಲಿ ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಕೈಹಿಡಿಯುವುದು ಬ್ರೇಕು, ಹೆಡ್‌ಲೈಟು, ಟೈರು. ತಾಂಡೂರಿನವರಿಗೆ ಹಾಸುಗಲ್ಲು ಹೇರಿಕೊಂಡ ಲಾರಿಗಳ ಕಾಟ. ನಾರಾಯಣಖೇಡದ ತಾಂಡಾಗಳ ಕಡೆ ಹೋಗುವವರು ಗಾಡಿಯ ಹೊಟ್ಟೆ ನೆಲಕ್ಕೆ ತಗಲುತ್ತದೆಯೇ ಎಂದೂ ನೋಡಬೇಕು.

ಸುರಕ್ಷತೆಯನ್ನು ಅಳೆಯಲು ನಮಗೀಗ ಭಾರತ್ ಎನ್‌ಕ್ಯಾಪ್ ಇದೆ. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಈ ಪರೀಕ್ಷೆಯಲ್ಲಿ ಕಾರನ್ನು 64 ಕಿ.ಮೀ. ವೇಗದಲ್ಲಿ ಎದುರಿನ ತಡೆಗೆ ಗುದ್ದಿಸಿ, ಒಳಗಿನ ಬೊಂಬೆಗಳಿಗೆ ಎಷ್ಟು ಪೆಟ್ಟಾಯಿತು ಎಂದು ಲೆಕ್ಕ ಹಾಕುತ್ತಾರೆ. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49. ಬರೀ ಸ್ಟಾರ್ ನೋಡಿ ಸುಮ್ಮನಾಗಬೇಡಿ; ಈ ಎರಡೂ ಅಂಕ ಕೇಳಿ. ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ ನೀವು ಕೊಳ್ಳುವ ಮಾಡೆಲ್‌ನಲ್ಲೇ ಇದೆಯೇ ಎಂದೂ ಕೇಳಿ.

ಇನ್ನು ಡ್ಯಾಶ್‌ಬೋರ್ಡಿನ ಎಡಭಾಗಕ್ಕೆ ಬನ್ನಿ. ಅಲ್ಲಿ ಸಣ್ಣ ಅಕ್ಷರದಲ್ಲಿ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಎಂದು ಬರೆದಿರುತ್ತದೆ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಪೂಜೆ ಮಾಡಿಸಿ ಬಂದು, ಭಕ್ತಿಯಿಂದ ಮೂರ್ತಿಯನ್ನು ಸರಿಯಾಗಿ ಆ ಅಕ್ಷರಗಳ ಮೇಲೆಯೇ ಅಂಟಿಸುವವರಿದ್ದಾರೆ. ಗುದ್ದಿದಾಗ ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಉಬ್ಬುತ್ತದೆ. ಮೇಲಿದ್ದ ವಸ್ತು ನೇರ ಮುಖಕ್ಕೆ ಬಡಿಯುತ್ತದೆ. ಮೂರ್ತಿಗೆ ಏರ್‌ಬ್ಯಾಗ್ ಇಲ್ಲದ ಜಾಗ ಹುಡುಕಿ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದೆ ಕೂರುವುದಂತೂ ಬೇಡವೇ ಬೇಡ. ಸೀಟಿನ ಅಂಚಿನಲ್ಲಿ ಏರ್‌ಬ್ಯಾಗ್ ಚೀಟಿ ಹೊಲಿದಿದ್ದರೆ ಅಂಗಡಿಯ ದಪ್ಪ ಸೀಟ್ ಕವರ್ ಹಾಕಿಸಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಕವರ್ ಅಡ್ಡಿಯಾಗುತ್ತದೆ.

ದುಬಾರಿ ಗಾಡಿಯೆಂದು ನಿಶ್ಚಿಂತರಾಗುವಂತೆಯೂ ಇಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕೂತಿದ್ದು ಮರ್ಸಿಡಿಸ್ ಗಾಡಿಯ ಹಿಂದಿನ ಸೀಟಿನಲ್ಲಿ. ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಹಿಂದಿನ ಮೂವರಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯೇ ಎಂದು ನೀವೇ ಎಳೆದು ನೋಡಿ.

ಪಿಕಪ್ ವಿಷಯದಲ್ಲಿ ಹಾರ್ಸ್‌ಪವರ್ ಅಂಕಿಗೆ ಮರುಳಾಗಬೇಡಿ. ಮನೆಯವರೆಲ್ಲ ಕೂತು, ಎಸಿ ಹಾಕಿ, ಲಾರಿಯ ಹಿಂದೆ 40ರಲ್ಲಿ ಹೋಗುತ್ತಿದ್ದ ಗಾಡಿ 70ಕ್ಕೆ ಎಷ್ಟು ಬೇಗ ಏರುತ್ತದೆ ಎಂಬುದೇ ಮುಖ್ಯ. ಸೇಲ್ಸ್‌ನವರೊಬ್ಬರನ್ನೇ ಕೂರಿಸಿಕೊಂಡು ಒಂದು ಸುತ್ತು ಹೊಡೆದರೆ ಇದು ತಿಳಿಯುವುದಿಲ್ಲ.

ಹಾಗಾದರೆ ಒಳಭಾಗಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಸೀಟು ಎತ್ತರಿಸಿಕೊಳ್ಳಲು ಬಂದರೆ ಗಿಡ್ಡಗಿರುವವರಿಗೂ ಬಾನೆಟ್ಟಿನಾಚೆ ರಸ್ತೆ ಕಾಣುತ್ತದೆ. ಎಸಿಗೆ ತಿರುಗಿಸುವ ಗುಂಡಿಯಿದ್ದರೆ ಕಣ್ಣು ರಸ್ತೆಯಲ್ಲೇ ಇರುತ್ತದೆ. ಎಲ್ಲವೂ ಸ್ಕ್ರೀನಿನಲ್ಲೇ ಇದ್ದರೆ ಬೆರಳಿನ ಜೊತೆ ಕಣ್ಣೂ ಅತ್ತ ಹೋಗುತ್ತದೆ. ಮಕ್ಕಳ ಸೀಟು ಬಿಗಿಯಲು ಐಸೋಫಿಕ್ಸ್ ಕೊಂಡಿಗಳಿರಬೇಕು. ಒಳಾಂಗಣದಲ್ಲಿ ಇಂಥದ್ದಕ್ಕೆ ಮೊದಲು ದುಡ್ಡು ಹಾಕಿ, ಬಣ್ಣ ಬೆಳಕಿಗೆ ಆಮೇಲೆ.

ಒಂದೇ ಬೆಲೆಗೆ ಕಡಿಮೆ ಸ್ಟಾರಿನ ಗಾಡಿಯ ಟಾಪ್ ಮಾಡೆಲ್, ಐದು ಸ್ಟಾರಿನ ಗಾಡಿಯ ನಡುವಿನ ಮಾಡೆಲ್ ಎರಡೂ ಸಿಕ್ಕರೆ ನಾನು ಎರಡನೆಯದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಸ್ಕ್ರೀನನ್ನು ಮುಂದೆಯೂ ಹಾಕಿಸಬಹುದು. ಬಾಡಿಯ ಗಟ್ಟಿತನ ಫ್ಯಾಕ್ಟರಿಯಿಂದಲೇ ಬರಬೇಕು.