ಹಳೆಯ ಹೆಸರು ಬಿಡದ ಪಟ್ಟಿ

ಚರ, ಅಂದರೆ ವೇರಿಯೇಬಲ್, ಒಂದು ಡಬ್ಬಿ. ಅದರೊಳಗೆ ಬೆಲೆಯನ್ನು ಇಡುತ್ತೇವೆ ಎಂದು ನಾವು ಪಾಠ ಆರಂಭಿಸುವುದು ವಾಡಿಕೆ. ಪೈಥಾನ್ ಭಾಷೆಯಲ್ಲಿ ಈ ಉಪಮೆ ಕೈಕೊಡುವ ಒಂದು ಸಂದರ್ಭವನ್ನು ಇಲ್ಲಿ ಪರಿಶೀಲಿಸೋಣ. ನನ್ನ ಒಂದು ಸಂಜೆಯನ್ನು ಪೂರ್ತಿ ನುಂಗಿದ ದೋಷವಿದು.

ಗೈರುಹಾಜರಾದವರ ಹೆಸರನ್ನು ಪಟ್ಟಿಗೆ ಸೇರಿಸಲು ‘ಗೈರು’ ಎಂಬ ಫಂಕ್ಷನ್ ಬರೆದಿದ್ದೆ. (ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ನಮ್ಮ ಮಕ್ಕಳಿಗೆ ಇದು ಸಣ್ಣ ಸಂತೋಷವಲ್ಲ.) ಪಟ್ಟಿಯನ್ನು ಕೊಡದೆ ಕರೆದರೆ ಖಾಲಿ ಪಟ್ಟಿಯೆಂದು ತಿಳಿಯುವಂತೆ ಮೊದಲ ಸಾಲಿನಲ್ಲೇ ಡೀಫಾಲ್ಟ್ ಬೆಲೆ ಬರೆದಿದ್ದೆ. ಎಂಟನೆಯ ತರಗತಿಗೆಂದು ‘ಸುಮಾ’ ಎಂಬ ಹೆಸರನ್ನು ಕೊಟ್ಟೆ, ಸುಮಾ ಬಂದಳು. ಒಂಬತ್ತನೆಯದಕ್ಕೆ ‘ರಫೀಕ್’ ಎಂದು ಕೊಟ್ಟರೆ ಸುಮಾ, ರಫೀಕ್ ಇಬ್ಬರೂ ಬಂದರು! ದೋಷಸೂಚನೆ ಮಾತ್ರ ಇಲ್ಲ.

ಅದೇ ಹೆಸರಿನ ಚರ ಬೇರೆಡೆ ಇರಬಹುದೆಂದು ಶಂಕಿಸಿ ಹೆಸರು ಬದಲಿಸಿದೆ, ಫಲವಿಲ್ಲ. ಬಳಿಕ, ಹೆಸರು ಸೇರಿಸುವ ಮುನ್ನವೇ ಪಟ್ಟಿಯನ್ನು ಮುದ್ರಿಸುವ ಒಂದು ಸಾಲನ್ನು ಫಂಕ್ಷನ್ನಿನ ಆರಂಭದಲ್ಲಿ ಬರೆದೆ. ಎರಡನೆಯ ಕರೆಯಲ್ಲಿ ಸುಮಾ ಆಗಲೇ ಅಲ್ಲಿ ಕುಳಿತಿದ್ದಳು. ಅಂದರೆ ತಪ್ಪು ಸೇರಿಸುವ ಸಾಲಿನಲ್ಲಿಲ್ಲ, ಅದಕ್ಕಿಂತ ಮೊದಲೇ ಇದೆ. ವಸ್ತುವಿನ ಗುರುತುಸಂಖ್ಯೆಯನ್ನು ತಿಳಿಸುವ ‘ಐಡಿ’ ಫಂಕ್ಷನ್ನನ್ನು ಬಳಸಿದಾಗ ಎರಡು ಕರೆಗಳಲ್ಲಿಯೂ ಒಂದೇ ಸಂಖ್ಯೆ ಬಂದಿತು. ಗುಟ್ಟು ಹೊರಬಿದ್ದುದು ಆಗ.

ಡೀಫಾಲ್ಟ್ ಬೆಲೆ ಸಿದ್ಧವಾಗುವುದು ಫಂಕ್ಷನ್ನನ್ನು ಕರೆದಾಗಲೆಲ್ಲ ಅಲ್ಲ. ಅದನ್ನು ನಿರೂಪಿಸುವಾಗ, ಒಂದೇ ಬಾರಿ. ಮುಂದಿನ ಪ್ರತಿಯೊಂದು ಕರೆಗೂ ಅದೇ ಪಟ್ಟಿ ಒದಗುತ್ತದೆ. ಡೀಫಾಲ್ಟ್ ಬೆಲೆ ಸೊನ್ನೆಯಾಗಿದ್ದರೆ ಈ ತೊಡಕು ಕಾಣಿಸದು. ಸಂಖ್ಯೆಯನ್ನು ಇದ್ದಲ್ಲೇ ತಿದ್ದಲಾಗದು, ಪಟ್ಟಿಯನ್ನು ತಿದ್ದಬಹುದು. ಇದು ಭಾಷೆಯ ಲೋಪವೂ ಅಲ್ಲ; ಪೈಥಾನಿನ ಅಧಿಕೃತ ಪಾಠಮಾಲೆಯಲ್ಲಿಯೇ ಈ ಎಚ್ಚರಿಕೆ ಇದೆ.

ಡಬ್ಬಿಯ ಉಪಮೆಯಿಂದ ಇದನ್ನು ವಿವರಿಸಲಾಗದು. ಪೈಥಾನಿನಲ್ಲಿ ಚರವೆಂಬುದು ವಸ್ತುವಿಗೆ ಇಟ್ಟ ಹೆಸರು. ಹಾಜರಿ ಪುಸ್ತಕದಲ್ಲಿ ಸುಬ್ರಹ್ಮಣ್ಯ, ಮನೆಯಲ್ಲಿ ಮಣಿ. ಮಣಿ ಉಂಡರೆ ಸುಬ್ರಹ್ಮಣ್ಯನ ಹಸಿವೂ ತೀರುತ್ತದೆ. ಮಕ್ಕಳಿಗೆ ಇಷ್ಟು ಸಾಕು.

ಪರಿಹಾರ ಸುಲಭ: ಡೀಫಾಲ್ಟ್ ಬೆಲೆಯಾಗಿ ‘ನನ್’ ಎಂದಿಟ್ಟು, ಒಳಗೆ ಅದನ್ನು ಪರೀಕ್ಷಿಸಿ ಹೊಸ ಪಟ್ಟಿಯನ್ನು ರಚಿಸಬೇಕು. ತರಗತಿಯಲ್ಲಿ ಮೊದಲು ದೋಷವುಳ್ಳ ಪ್ರೋಗ್ರಾಮನ್ನೇ ತೋರಿಸಿ, ಚಲಾಯಿಸುವ ಮುನ್ನ ಉತ್ತರವನ್ನು ಮಕ್ಕಳಿಂದ ಊಹಿಸಿ ಬರೆಸಿರಿ. ತಿದ್ದಿದ ಬಳಿಕ ಗುರುತುಸಂಖ್ಯೆಗಳನ್ನು ಹೋಲಿಸುವಾಗ ಎರಡು ಪಟ್ಟಿಗಳನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿರಿ. ಇಲ್ಲವಾದರೆ ಅಳಿದ ಪಟ್ಟಿಯ ಸಂಖ್ಯೆಯೇ ಹೊಸದಕ್ಕೂ ದೊರೆತು ಮಕ್ಕಳು ಮತ್ತೆ ಗೊಂದಲಕ್ಕೊಳಗಾಗಬಹುದು.