ತೋಟದ ಕಾಡುಜೇನು: ಗುರುತು ಮತ್ತು ರಕ್ಷಣೆ

ಹೂಮಳೆ ಎಷ್ಟು ಸೆಂಟು ಬಿತ್ತೆಂದು ನಾವೆಲ್ಲ ಬರೆದಿಡುತ್ತೇವೆ. ಎಂಟು-ಹತ್ತು ದಿನ ಕಳೆದು ಅರಳಿದ ಹೂವಿಗೆ ಜೇನು ಬಂತೇ ಎಂದು ನೋಡುವವರು ವಿರಳ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಆಗಬೇಕು. ಗಾಳಿ ಒಂದಿಷ್ಟನ್ನು ಒಯ್ಯುತ್ತದೆ, ಉಳಿದದ್ದು ಜೇನಿನ ಕೆಲಸ.

ಜೇನನ್ನು ಗೂಡಿನಿಂದ ಗುರುತಿಸುವುದು ಸುಲಭ.

ಹೆಜ್ಜೇನು: ಎತ್ತರದ ಕೊಂಬೆಗೋ ಬಂಡೆಗೋ ತೂಗುವ ಒಂದೇ ದೊಡ್ಡ ಎರಿ. ಒಂದೇ ಮರದಲ್ಲಿ ಹತ್ತಾರು ಇರಬಹುದು.

ತುಡುವೆ: ಮರದ ಪೊಟರೆ, ಹುತ್ತದೊಳಗೆ ಸಾಲಾಗಿ ಹಲವು ಎರಿ.

ಕೋಲುಜೇನು: ಪೊದೆಯ ಕಡ್ಡಿಗೆ ಕಟ್ಟಿದ ಅಂಗೈಯಗಲದ ಒಂದು ಎರಿ.

ಮುಜಂಟಿ: ಕಪ್ಪಗಿನ ಪುಟ್ಟ ಹುಳು, ಚುಚ್ಚುವುದಿಲ್ಲ. ಗೋಡೆಯ ಬಿರುಕು, ಪೊಟರೆಗಳ ಬಾಯಲ್ಲಿ ಅಂಟಿನ ಕೊಳವೆ ಕಂಡರೆ ಅದರದೇ ಮನೆ.

ಇವಲ್ಲದೆ ಒಣಮರ ಕೊರೆದು ಒಂಟಿಯಾಗಿ ಬಾಳುವ ದಪ್ಪ ಕಪ್ಪು ದುಂಬಿಯೂ ಜೇನಿನ ಬಳಗದ್ದೇ.

ಹಲವು ವರ್ಷಗಳ ಹಿಂದೆ ಮರಗಸಿಯ ವೇಳೆ ಟೊಳ್ಳಾಗಿದ್ದ ಬಸರಿ ಮರವೊಂದನ್ನು ನಾನೇ ನಿಂತು ಕಡಿಸಿದೆ. ಉರುಳಿದ ಮೇಲೆ ನೋಡಿದರೆ ಒಳಗೆ ತುಡುವೆಯ ತುಂಬು ಸಂಸಾರ! ಆ ಜಾಗಕ್ಕೆ ಸಿಲ್ವರ್ ಓಕ್ ನೆಟ್ಟೆ. ಮೆಣಸಿನ ಬಳ್ಳಿ ಹಬ್ಬಿತು, ತುಡುವೆ ಮರಳಲಿಲ್ಲ. ಪೆಟ್ಟಿಗೆ ತಂದಿಡಬಹುದು, ನಿಜ. ಆದರೆ 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲಿ ಅಸಂಖ್ಯ ಪೆಟ್ಟಿಗೆಗಳು ಬರಿದಾದುದನ್ನು ಹಿರಿಯರು ಮರೆತಿರಲಾರರು. ಪೆಟ್ಟಿಗೆಯನ್ನಷ್ಟೇ ನಂಬುವುದು ತರವಲ್ಲ.

ಆದ್ದರಿಂದ ಈ ನಾಲ್ಕು ಮಾತು:

1. ಅಪಾಯವಿಲ್ಲದ ಕಡೆ ಪೊಟರೆಯ ಮರಗಳನ್ನು ಉಳಿಸಿರಿ. ಕಡಿಯಲೇಬೇಕಾದರೆ ಮೊದಲು ಪೊಟರೆಯನ್ನು ಪರೀಕ್ಷಿಸಿರಿ.

2. ಕಾಫಿ ಹೂವು ಕೆಲವೇ ದಿನ. ಜೇನಿಗೆ ವರ್ಷವಿಡೀ ಆಹಾರ ಬೇಕು. ಬೇರೆ ಬೇರೆ ತಿಂಗಳಲ್ಲಿ ಹೂ ಬಿಡುವ ಕಾಡುಮರಗಳಿರಲಿ. ಅಡಿಕೆಯ ಹಿಂಗಾರದ ಪರಾಗವೂ ಜೇನಿಗೆ ಆಹಾರವೇ.

3. ಹೂವಿರುವಾಗ ಕೀಟನಾಶಕ ಸಿಂಪಡಿಸಬೇಡಿರಿ.

4. ಹೆಜ್ಜೇನಿಗೆ ಸೂಡಿ ಹಚ್ಚಿ ಸುಡಿಸಬೇಡಿರಿ. ಆ ಮರದಡಿ ಕೆಲ ಕಾಲ ಆಳುಗಳನ್ನು ಬಿಡದಿದ್ದರೆ ಸಾಕು. ಮಳೆಗಾಲದ ಹೊತ್ತಿಗೆ ಅದು ತಾನೇ ಎದ್ದುಹೋಗುತ್ತದೆ.

ಸದಸ್ಯರು ಬರುವ ಹೂವಿನ ಕಾಲದಲ್ಲಿ ಒಂದು ಬೆಳಗ್ಗೆ ತೋಟ ಸುತ್ತಿ, ಕಂಡ ಗೂಡುಗಳನ್ನು ಮಳೆಲೆಕ್ಕದ ಪುಸ್ತಕದಲ್ಲೇ ಬರೆದಿಡಬೇಕಾಗಿ ವಿನಂತಿ.

— ಕಾರ್ಯದರ್ಶಿ